ರಾಮತುಳಸಿಯ ಸೀಮಂತದ ಜಡೆ

ಕಡಿಯಂ ಹೂವಿನ ಸಂತೆಯಲ್ಲಿ ಬಸ್ಸಿಳಿದು, ಮೊಗ್ಗಿನ ಜಡೆ ಬೇಕಿತ್ತು ಎಂದು ಯಾರನ್ನಾದರೂ ಕೇಳಿ ನೋಡಿ. ನೀವು ಕೇಳಿ ಬಾಯಿ ಮುಚ್ಚುವುದರೊಳಗೆ "ರಾಮತುಳಸಿ ಹತ್ರ ಹೋಗಿ" ಎಂಬ ಉತ್ತರ ಬಂದಿರುತ್ತದೆ. ಗೋದಾವರಿಯ ಈ ದಡದಲ್ಲೂ ಆ ದಡದಲ್ಲೂ ಮದುವೆ ಹೆಣ್ಣುಗಳ ಬೆನ್ನ ಮೇಲೆ ಇಳಿಬೀಳುವ ಮಲ್ಲಿಗೆ, ಕನಕಾಂಬರ, ಮರುಗದ ಜಡೆಗಳಲ್ಲಿ ಅರ್ಧಕ್ಕರ್ಧ ಅವಳ ಕೈಯವೇ. ಈಚೆಗೆ ಅವಳ ಅಂಗಡಿಗೆ ಇನ್ನೊಂದು ಬಗೆಯ ಹೆಂಗಸರೂ ಬರುತ್ತಿದ್ದಾರೆ. ಕಾಯಿಲೆಗೆ ಔಷಧಿ ತೆಗೆದುಕೊಂಡು ಕೂದಲು ಕಳೆದುಕೊಂಡವರು, ಹೆತ್ತ ಮೇಲೆ ಹಿಡಿ ಹಿಡಿಯಾಗಿ ಉದುರಿಸಿಕೊಂಡವರು, ಹುಟ್ಟಿನಿಂದಲೇ ತೆಳು ಕೂದಲಿನವರು. ಅವರೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು, ಅತ್ತಿತ್ತ ನೋಡಿ, ಕಳ್ಳರ ಹಾಗೆ ಒಳಗೆ ಬರುತ್ತಾರೆ. ರಾಮತುಳಸಿ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲ. ಅಂಗಡಿಯ ಬಾಗಿಲಲ್ಲೇ, ಬೆಳಕಿಗೆ ಮುಖ ಮಾಡಿ ಕೂರಿಸುತ್ತಾಳೆ. ಆಮೇಲೆ ತನ್ನ ತಲೆಯ ಕೂದಲನ್ನು ಟೋಪಿ ತೆಗೆದ ಹಾಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, "ನೋಡಿ, ಹೊಲಿಗೆ ಇಲ್ಲಿಂದ ಶುರುವಾಗತ್ತೆ" ಎಂದು ತೋರಿಸುತ್ತಾಳೆ. ಮೊದಲ ಸಲ ನೋಡಿದವರು ಕೈಯಲ್ಲಿದ್ದ ಟೀ ಚೆಲ್ಲಿಕೊಳ್ಳುತ್ತಾರೆ.

ಇದೇ ಹೆಂಗಸು ಒಂದು ಕಾಲಕ್ಕೆ ಬೀಸುಗಾಳಿ ಕಂಡರೆ ನಡುಗುತ್ತಿದ್ದಳು ಎಂದರೆ ಈಗಿನವರು ನಂಬುವುದಿಲ್ಲ.

ಅವಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ತಲೆಯಲ್ಲಿ ಮೊದಲು ರೂಪಾಯಿಯಗಲ ಒಂದು ಜಾಗ ನುಣ್ಣಗಾಯಿತು. ಹುಳು ತಿಂದಿದೆ ಎಂದರು. ಬೆಳ್ಳುಳ್ಳಿ ಉಜ್ಜಿದರು, ದಾಸವಾಳ ಅರೆದು ಹಚ್ಚಿದರು, ಯಾರೋ ಹೇಳಿದರೆಂದು ಈರುಳ್ಳಿ ರಸವನ್ನೂ ಸುರಿದರು. ಹುಡುಗಿ ಒಗ್ಗರಣೆಯ ವಾಸನೆ ಹೊಡೆಯುತ್ತಿದ್ದಳೇ ಹೊರತು ಕೂದಲು ನಿಲ್ಲಲಿಲ್ಲ. ವರ್ಷ ತುಂಬುವುದರೊಳಗೆ ಹುಬ್ಬು ಬಿಟ್ಟು ಉಳಿದದ್ದೆಲ್ಲ ಹೋಯಿತು. ಅವಳ ತಾಯಿಯ ಕಸುಬು ಮೊಗ್ಗಿನ ಜಡೆ ಕಟ್ಟುವುದು. ತಾಯಿಯ ಪಕ್ಕದಲ್ಲಿ ಕೂತು ಊರ ಹುಡುಗಿಯರ ಉದ್ದುದ್ದ ಜಡೆಗಳಿಗೆ ಹೂವು ಹೊಲಿಯುವುದನ್ನು ಕಲಿತಳು. ಹೊಲಿಯುವಾಗ ಆ ಕೂದಲಿನ ತೂಕ ಅಂಗೈಗೆ ಸಿಕ್ಕುತ್ತಿತ್ತಲ್ಲ, ಅದು ಅವಳಿಗೆ ಬಹಳ ಸಂಕಟ ಕೊಡುತ್ತಿತ್ತು.

ಮೊದಲು ನಾಟಕದ ಕಂಪನಿಗೆ ವೇಷ ಒದಗಿಸುವವರ ಹತ್ತಿರ ಒಂದು ವಿಗ್ ತಂದರು. ಅದನ್ನು ಹಾಕಿಕೊಂಡರೆ ಈಗಲೋ ಆಗಲೋ ಕಂದಪದ್ಯ ಶುರು ಮಾಡುತ್ತಾಳೆ ಎನ್ನುವ ಹಾಗಿತ್ತು. ಆಮೇಲೆ ರಾಜಮಂಡ್ರಿಯ ಒಂದು ಪಾರ್ಲರಿನಲ್ಲಿ ಹೊಸ ಬಗೆಯದು ಸಿಕ್ಕಿತು. ಸೊಳ್ಳೆ ಪರದೆಗಿಂತ ತೆಳುವಾದ ಬಲೆ, ಅದರಲ್ಲಿ ಒಂದೊಂದೇ ಎಳೆಯಾಗಿ ಗಂಟು ಹಾಕಿದ ನಿಜವಾದ ಕೂದಲು. ಅದನ್ನು ಗಮ್ಮಿನಿಂದ ನೆತ್ತಿಗೆ ಅಂಟಿಸಿಬಿಟ್ಟರೆ ಎರಡು ವಾರ ಅಲುಗುವುದಿಲ್ಲ. ಮಲಗಬಹುದು, ಮೀಯಬಹುದು, ಜಡೆ ಹೆಣೆದು ಹೂ ಮುಡಿಯಬಹುದು. ಅದನ್ನು ಅಂಟಿಸಿಕೊಂಡ ದಿನ ರಾಮತುಳಸಿ ಸಂತೆಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆದಳು. ಏನೂ ಕೊಳ್ಳುವುದಿರಲಿಲ್ಲ.

ಏಡುಕೊಂಡಲು ನರ್ಸರಿಯಲ್ಲಿ ಸಸಿ ನೋಡಿಕೊಳ್ಳುವ ಕೆಲಸದಲ್ಲಿದ್ದ, ಬೇಕಾದಾಗ ಹೂವಿನ ಗಾಡಿಯನ್ನೂ ಓಡಿಸುತ್ತಿದ್ದ. ಒಂದು ಮದುವೆಗೆ ಜಡೆ, ಹಾರಗಳ ಬುಟ್ಟಿ ತುಂಬಿಕೊಂಡು ಅವನ ಗಾಡಿಯ ಹಿಂಭಾಗದಲ್ಲಿ ರಾಮತುಳಸಿ ಕೂತಿದ್ದಳು. ಧವಳೇಶ್ವರಂ ಅಣೆಕಟ್ಟಿನ ಸೇತುವೆಯ ಮೇಲೆ ಗಾಳಿ ಹೇಗಿರುತ್ತದೆ ಎಂದು ಗೊತ್ತಲ್ಲ. ಗಮ್ಮು ಹಳೆಯದಾಗಿತ್ತು, ಅಂಚು ಬಿಟ್ಟಿತ್ತು. ಕೂದಲು ಎದ್ದು ಹಾರಿ ರಸ್ತೆಗೆ ಬಿತ್ತು. ಏಡುಕೊಂಡಲು ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದ. ಹಿಂದಕ್ಕೆ ಓಡಿ ಹೋಗಿ, ಎದುರು ಬರುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದು, ಅದನ್ನು ಎತ್ತಿಕೊಂಡು, ಧೂಳು ಕೊಡವಿ ತಂದ. ಅವಳ ಕಡೆ ನೋಡದೆ ನದಿಯನ್ನೇ ನೋಡುತ್ತಾ ಕೈ ಚಾಚಿದ.

"ನಿಮ್ಮ ಸಾಮಾನು ಬಿತ್ತು ನೋಡಿ. ರಸ್ತೆ ಒಣಗಿದೆ, ಕೊಳೆ ಆಗಿಲ್ಲ. ಇನ್ಮೇಲೆ ನಿಧಾನವಾಗಿ ಓಡಿಸ್ತೀನಿ."

ಅವಳು ಅತ್ತಳೋ ನಕ್ಕಳೋ ಅವಳಿಗೇ ನೆನಪಿಲ್ಲ. ಅವನನ್ನೇ ಮದುವೆಯಾಗುತ್ತೇನೆ ಎಂದು ಆ ಸೇತುವೆ ದಾಟುವುದರೊಳಗೆ ತೀರ್ಮಾನ ಮಾಡಿದ್ದು ಮಾತ್ರ ನೆನಪಿದೆ.

ಮನೆಯಲ್ಲಿ ಹೇಳಿಬಿಡೋಣ ಎಂದು ಅವನು ಅಂದ. ರಾಮತುಳಸಿಯ ತಾಯಿ ಬಿಡಲಿಲ್ಲ, ಮಗಳ ಬಾಳು ಹಾಳಾಗುತ್ತದೆ ಎಂದು ಅವನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಹೀಗೆ ಆ ಗುಟ್ಟು ಮದುವೆಯಾಗಿ ಏಡುಕೊಂಡಲುವಿನ ಮನೆಗೆ ಬಂತು. ಎರಡು ವಾರಕ್ಕೊಮ್ಮೆ ಗಂಡ ಹೆಂಡತಿ ಮಧ್ಯಾಹ್ನ ಕೋಣೆಯ ಚಿಲಕ ಹಾಕಿ, ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ಕೂರುತ್ತಿದ್ದರು. ಗಮ್ಮು ಬಿಡಿಸುವ ದ್ರಾವಣದ ವಾಸನೆ ಹೊರಗೆ ಹೋಗಬಾರದಲ್ಲ. ಅವನು ಅದರಲ್ಲಿ ಹತ್ತಿ ಅದ್ದಿ ಅಂಚಿನಿಂದ ಬಿಡಿಸಿ, ನೆತ್ತಿ ಒರೆಸಿ, ಹೊಸ ಗಮ್ಮು ಬಳಿದು, ಸಸಿ ನೆಡುವಷ್ಟು ಹುಷಾರಾಗಿ ಮತ್ತೆ ಕೂರಿಸುತ್ತಿದ್ದ. ಹೊರಗೆ ಅವನ ತಾಯಿ ಅಚ್ಚಾಯಮ್ಮ ಪಾತ್ರೆ ಕುಕ್ಕುತ್ತಿದ್ದಳು.

"ಹಗಲು ಹೊತ್ತಲ್ಲೇ ಬಾಗಿಲು ಹಾಕ್ಕೊಳ್ಳೋದೇನು, ಕಿಟಕಿ ಮುಚ್ಚೋದೇನು! ಇಷ್ಟೆಲ್ಲಾ ಮಾಡಿದ್ರೂ ಒಂದು ಮೊಮ್ಮಗು ಕಾಣ್ಲಿಲ್ಲವಲ್ಲಪ್ಪಾ ನನ್ನ ಕಣ್ಣು!"

ಒಳಗೆ ಇಬ್ಬರೂ ನಗು ತಡೆಯಲಾರದೆ ದಿಂಬು ಕಚ್ಚುತ್ತಿದ್ದರು.

ಅಚ್ಚಾಯಮ್ಮ ಕೆಟ್ಟವಳೇನಲ್ಲ. ಸೊಸೆಯ ಜಡೆಯೆಂದರೆ ಅವಳಿಗೆ ಎಲ್ಲಿಲ್ಲದ ಜಂಬ. ತಾನೇ ಕೊಬ್ಬರಿ ಗಾಣಕ್ಕೆ ಹೋಗಿ ಎಣ್ಣೆ ಆಡಿಸಿ, ಕರಿಬೇವು, ದಾಸವಾಳ ಹಾಕಿ ಕಾಯಿಸಿ, "ಹಚ್ಕೋ ತಾಯಿ, ಬುಡ ಗಟ್ಟಿಯಾಗತ್ತೆ" ಎಂದು ಸೀಸೆ ಸೀಸೆ ತಂದಿಡುತ್ತಿದ್ದಳು. ಎಣ್ಣೆ ತಾಗಿದರೆ ಗಮ್ಮು ಜಾರಿಹೋಗುತ್ತದೆ. ಅಷ್ಟೂ ಎಣ್ಣೆ ಎಲ್ಲಿಗೆ ಹೋಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮದುವೆಯಾಗಿ ಆರನೇ ವರ್ಷ ರಾಮತುಳಸಿ ಬಸುರಾದಳು. ಮನೆಯಲ್ಲಿ ಎಲ್ಲರ ಕಾಲೂ ನೆಲದ ಮೇಲೆ ಇರಲಿಲ್ಲ. ಆದರೆ ಮೂರನೇ ತಿಂಗಳು ದಾಟುತ್ತಿದ್ದ ಹಾಗೆ, ಗಂಡ ಸೀಸೆಯ ಮುಚ್ಚಳ ತೆರೆದರೆ ಸಾಕು, ಅವಳ ತಲೆ ಗಿರ್ ಎಂದು ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅದೇ ಮುಚ್ಚಿದ ಕೋಣೆಯಲ್ಲಿ ಅವನ ತೊಡೆಯ ಮೇಲೆ ಎಚ್ಚರ ತಪ್ಪಿ ಒರಗಿದಳು. ಕೂದಲು ಎತ್ತಿ ನೋಡಿದರೆ ನೆತ್ತಿಯ ಸುತ್ತ ಕೆಂಪಗೆ ದದ್ದು, ಹಣೆಯ ಅಂಚಿನಲ್ಲಿ ನೀರುಗುಳ್ಳೆ. ವರ್ಷಗಟ್ಟಲೆ ಏನೂ ಮಾಡದಿದ್ದ ಗಮ್ಮು ಈಗ ಬೆಂಕಿಯ ಹಾಗೆ ಉರಿಸುತ್ತಿತ್ತು. ಏಡುಕೊಂಡಲು ಹೆದರಿಹೋದ. ಅವಳಿಗೆ ತನ್ನ ಹೆದರಿಕೆಗಿಂತ ಹೊಟ್ಟೆಯೊಳಗಿನದರ ಹೆದರಿಕೆ ದೊಡ್ಡದಾಗಿತ್ತು.

ರಾಜಮಂಡ್ರಿಯ ಡಾಕ್ಟರ್ ಶಮಂತಕಮಣಿ ಮಾತಿನಲ್ಲಿ ಚುರುಕು, ಕೈ ಮೃದು. ದದ್ದನ್ನೂ ನೋಡಿದರು, ಹೊಟ್ಟೆಯನ್ನೂ ನೋಡಿದರು, ಮಗುವಿನ ಎದೆಬಡಿತವನ್ನು ಅವಳಿಗೂ ಕೇಳಿಸಿದರು.

"ಮಗು ಚೆನ್ನಾಗಿದೆ. ಆಗಿಹೋಗಿದ್ದಕ್ಕೆ ಅಳ್ತಾ ಕೂರಬೇಡ" ಎಂದರು. "ಕೂದಲು ಹಾಕ್ಕೊಂಡ್ರೆ ಮಗೂಗೆ ಏನೂ ಆಗಲ್ಲಮ್ಮ. ತೊಂದ್ರೆ ಇರೋದು ಈ ಗಮ್ಮು, ಅದನ್ನ ಬಿಡಿಸೋ ಆ ಘಾಟು ನೀರು, ಅದೂ ಕಿಟಕಿ ಮುಚ್ಚಿದ ಕೋಣೇಲಿ. ಬಸುರಿ ಮೈ ಸೂಕ್ಷ್ಮ ಆಗಿರತ್ತೆ, ನಿನ್ನೆವರೆಗೂ ಒಗ್ಗಿದ್ದು ಇವತ್ತು ಒಗ್ಗಲ್ಲ. ಗಾಯ ಮಾಯೋವರೆಗೂ ತಲೆ ಬರಿದಾಗಿರ್ಲಿ. ಆಮೇಲೆ ಬೇಕಾದ್ರೆ ಅಂಟಿಲ್ಲದೇ ಹಾಕ್ಕೋ, ಮೆತ್ತಗಿನ ಹತ್ತಿ ಬಟ್ಟೆ ಒಳಗಿರ್ಲಿ, ಹಗಲು ಒಂದಷ್ಟು ಹೊತ್ತು ಸಾಕು. ಮಲಗೋವಾಗ ತೆಗೆದಿಡು. ಹೊಸದು ಏನೇ ತಂದ್ರೂ ಮೊದಲು ಕಿವಿ ಹಿಂದೆ ಒಂದು ದಿನ ತಾಗಿಸಿ ನೋಡು, ಕೆಂಪಾಗ್ಲಿಲ್ಲ ಅಂದ್ರೆ ಆಮೇಲೆ ತಲೆಗೆ. ತಿಳೀತಾ?"

"ಗಮ್ಮಿಲ್ಲದೆ ನಿಲ್ಲಲ್ಲ ಮೇಡಂ. ಗಾಳಿಗೆ ಬಿದ್ದುಹೋಗತ್ತೆ."

"ಬಿದ್ರೆ ಎತ್ತಿ ಕೊಡೋಕೆ ಗಂಡ ಇಲ್ವಾ?" ಎಂದರು ಡಾಕ್ಟರು. ಅವರಿಗೆ ಸೇತುವೆಯ ಕಥೆ ಗೊತ್ತಿರಲಿಲ್ಲ. ಏಡುಕೊಂಡಲು ಕೆಮ್ಮಿ ಬೇರೆ ಕಡೆ ನೋಡಿದ.

ಅವತ್ತಿನಿಂದ ಕೂದಲು ಪೆಟ್ಟಿಗೆ ಸೇರಿತು, ರಾಮತುಳಸಿ ತಲೆಗೆ ಹತ್ತಿಯ ವಸ್ತ್ರ ಕಟ್ಟಿಕೊಂಡಳು. ತನಗೆ ಶೀತ ಎಂದು ಅತ್ತೆಗೆ ಹೇಳಿದಳು. ಕಡಿಯಂ ಸೆಖೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಶೀತ ಇರುತ್ತದೆಯೇ? ಆದರೂ ಬಸುರಿ ಏನು ಹೇಳಿದರೂ ಸರಿ ಎನ್ನುವ ಖುಷಿಯಲ್ಲಿ ಅಚ್ಚಾಯಮ್ಮ ಶುಂಠಿ ಕಷಾಯ ಮಾಡಿ ಕುಡಿಸಿದಳು. ನೆತ್ತಿಯ ದದ್ದು ಇಳಿಯಿತು, ಗುಳ್ಳೆ ಒಣಗಿ ಚರ್ಮ ತಿಳಿಯಾಯಿತು. ಮೊದಲ ಸಲ ಹಗಲಲ್ಲಿ ಕಿಟಕಿ ತೆರೆದು ಮಲಗಿದಾಗ ಬರಿ ನೆತ್ತಿಗೆ ಗಾಳಿ ತಾಗಿ ಎಷ್ಟು ಹಾಯಾಯಿತೆಂದರೆ, ಇಷ್ಟು ವರ್ಷ ಇದನ್ನು ಯಾಕೆ ಕಳೆದುಕೊಂಡೆ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು.

ಅಷ್ಟರಲ್ಲಿ ಅಚ್ಚಾಯಮ್ಮ ಸೀಮಂತದ ದಿನ ಗೊತ್ತುಮಾಡಿದಳು.

ಆ ಮನೆತನದ ಸೀಮಂತದಲ್ಲಿ ಒಂದು ಪದ್ಧತಿ ಇದೆ. ಗಂಡನ ಅಕ್ಕತಂಗಿ ಬಂದು, ಬಸುರಿಯನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಇಡಬೇಕು. ಆಮೇಲೆ ಅವಳೇ ಮೊಗ್ಗಿನ ಜಡೆಯನ್ನು ಬಸುರಿಯ ಜಡೆಗೆ ಹೊಲಿಯಬೇಕು. ಕೊನೆಗೆ ಎಲ್ಲರೆದುರು ಆ ಜಡೆಯನ್ನು ಹಿಡಿದು ಎಳೆಯಬೇಕು. ಜಡೆ ಗಟ್ಟಿ ನಿಂತರೆ ಬಸುರಿ ಗಟ್ಟಿ, ಹುಟ್ಟುವುದೂ ಗಟ್ಟಿ ಎಂದು ಹೆಂಗಸರು ಆರತಿ ಎತ್ತುತ್ತಾರೆ. ಒಂದು ಹೂವು ಕಳಚಿದರೂ ವರ್ಷವಿಡೀ ಅದೇ ಮಾತು. ಏಡುಕೊಂಡಲುವಿನ ಅಕ್ಕ ಗಂಗಾರತ್ನಂ ಮಂಡಪೇಟೆಗೆ ಕೊಟ್ಟ ಹೆಣ್ಣು. ಅವಳು ಬೀದಿಯ ಆ ತುದಿಗೆ ಬಂದರೆ ಈ ತುದಿಯವರಿಗೆ ಕೇಳಿಸುತ್ತದೆ, ಅಂಥ ಬಾಯಿ. ಅವಳು ಎಳೆಯುವುದೆಂದರೆ ಬಾವಿಯಿಂದ ಕೊಡ ಸೇದಿದ ಹಾಗೆಯೇ.

ಎಣ್ಣೆ ಬೇಡ, ಶೀತ ಎಂದು ಫೋನಿನಲ್ಲಿ ಹೇಳಿ ನೋಡಿದಳು ರಾಮತುಳಸಿ.

"ಏನಮ್ಮಾ, ಎಣ್ಣೆ ಇಡೋದು ನನ್ನ ಹಕ್ಕು. ನಿಮ್ಮನೆ ಸೀರೆ ಬೇಡ ಅಂದ್ರೂ ಅಂದೇನು, ಇದನ್ನ ಬಿಡ್ತೀನಾ?" ಎಂದು ಗಂಗಾರತ್ನಂ ಅತ್ತಲಿಂದ ಗುಡುಗಿದಳು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಚ್ಚಾಯಮ್ಮನಿಗೂ ಕೇಳಿಸಿತು.

ರಾಮತುಳಸಿ ಫೋನಿಟ್ಟಳು. ಸುಳ್ಳಿನ ಮೇಲೆ ಸುಳ್ಳು ಹೇಳಿ ಅವಳಿಗೆ ಸಾಕಾಗಿತ್ತು. ಎದ್ದು ಅತ್ತೆಯ ಮುಂದೆ ಕೂತು ತಲೆಯ ವಸ್ತ್ರ ಬಿಚ್ಚಿದಳು. ಹೈಸ್ಕೂಲಿನ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದಳು.

ಅಚ್ಚಾಯಮ್ಮ ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸಿದಳು. ಆಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಇದು:

"ಹಂಗಾದ್ರೆ ನಾನು ಕಾಯಿಸಿಕೊಟ್ಟ ಎಣ್ಣೆ ಎಲ್ಲಾ ಏನಾಯ್ತೇ?"

"ಅವರು ಹಚ್ಕೊಂಡ್ರು ಅತ್ತೆ."

ಅಚ್ಚಾಯಮ್ಮ ಹಿತ್ತಲ ಕಡೆ ನೋಡಿದಳು. ಅಲ್ಲಿ ಮಗ ಬಗ್ಗಿ ಸಸಿಗೆ ನೀರು ಹಾಕುತ್ತಿದ್ದ. ತಲೆಯ ತುಂಬ ದಟ್ಟ ಕೂದಲು, ಕರಿಬೇವಿನ ಗಿಡದ ಹಾಗೆ ನಳನಳಿಸುತ್ತಿತ್ತು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಹೇಳ್ಬೇಕು ಅಂತ ಅನ್ನಿಸ್ಲಿಲ್ವಲ್ಲೇ ನಿನಗೆ. ಊರ ತುಂಬಾ ನನ್ನ ಸೊಸೆ ಜಡೆ, ನನ್ನ ಸೊಸೆ ಜಡೆ ಅಂತ ಹೇಳ್ಕೊಂಡು ತಿರುಗಿದ್ನಲ್ಲ. ಸರಿ, ಹೋಗ್ಲಿ. ಶುಭಕಾರ್ಯದಲ್ಲಿ ಮಣೆ ಮೇಲೆ ಬೋಳು ತಲೆ ಅಂದ್ರೆ ನೆಂಟರು ಏನಂತಾರೆ? ಅಶುಭ ಅಂತಾರೆ. ಮುಖಕ್ಕೇ ಹೇಳ್ತಾರೆ. ಅವತ್ತು ಒಂದಿನ ಆ ಗಮ್ಮು ಹಾಕಿ ಗಟ್ಟಿಯಾಗಿ ಅಂಟಿಸ್ಕೋ. ಎಣ್ಣೆ ಬೇಡ ಅಂತ ರತ್ನಂಗೆ ನಾನು ಹೇಳ್ತೀನಿ. ಒಂದೇ ಒಂದು ದಿನ ಕಣೇ."

ಮೊದಲಿನ ರಾಮತುಳಸಿಯಾಗಿದ್ದರೆ ಹೂಂ ಅನ್ನುತ್ತಿದ್ದಳು. ಜನರ ಬಾಯಿಗೆ ಹೆದರಿ ಉರಿಯನ್ನು ನುಂಗಿಕೊಂಡವಳಲ್ಲವೇ? ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಇಲ್ಲ ಅತ್ತೆ. ಒಂದಿನಾನೂ ಇಲ್ಲ."

"ಹಂಗಾದ್ರೆ ಸೀಮಂತಾನೇ ಬೇಡ ಬಿಡು."

"ಸೀಮಂತ ಬೇಕು. ಎಣ್ಣೆ ಬೇಕು, ಜಡೆ ಬೇಕು, ಎಳೆಯೋದೂ ಬೇಕು. ಬೇಡ ಅಂತ ಇರೋದು ಗಮ್ಮು ಒಂದೇ."

"ಗಮ್ಮಿಲ್ಲದೆ ರತ್ನಂ ಎಳೆದ್ರೆ ಆ ಕೂದಲು ಮಂಡಪೇಟೆಗೆ ಹೋಗಿ ಬೀಳತ್ತೆ!" ಎಂದು ಅಚ್ಚಾಯಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಎದ್ದು ಹೋದಳು. ಅವತ್ತಿನಿಂದ ಅತ್ತೆ ಸೊಸೆಯ ನಡುವೆ ಮಾತಿಲ್ಲ. ಊಟಕ್ಕೆ ಬಾ ಎನ್ನುವುದನ್ನೂ ಅಚ್ಚಾಯಮ್ಮ ಬೆಕ್ಕಿಗೆ ಹೇಳಿ ಸೊಸೆಗೆ ಮುಟ್ಟಿಸುತ್ತಿದ್ದಳು.

ಬಾಯಿಬಿಟ್ಟು ಹೇಳಿದ್ದೇನೋ ಹೌದು, ಆದರೆ ಎಳೆದರೆ ನಿಲ್ಲಿಸುವುದು ಹೇಗೆ? ರಾಮತುಳಸಿ ತನ್ನ ಕೂದಲನ್ನು ಪೆಟ್ಟಿಗೆಯಿಂದ ತೆಗೆದಳು. ಏಡುಕೊಂಡಲು ಅದನ್ನು ನರ್ಸರಿಯ ಬಯಲಿಗೆ ಒಯ್ದು, ಹಳೆಯ ಗಮ್ಮನ್ನೆಲ್ಲ ತೆಗೆದು, ಸೋಪಿನ ನೀರಲ್ಲಿ ತೊಳೆದು ತೊಳೆದು ವಾಸನೆ ಹೋಗುವ ತನಕ ಬಿಸಿಲಿಗೆ ಇಟ್ಟು ತಂದ. ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯಿಂದ ಅವಳು ತಲೆಗೆ ಸರಿಯಾಗಿ ಕೂರುವ ಟೋಪಿ ಹೊಲಿದಳು. ಆ ಬಟ್ಟೆಯ ಚೂರನ್ನೂ ಡಾಕ್ಟರು ಹೇಳಿದ ಹಾಗೆ ಕಿವಿಯ ಹಿಂದೆ ಕಟ್ಟಿಕೊಂಡು ನೋಡಿದಳು. ಕೆಂಪಾಗಲಿಲ್ಲ. ಕೂದಲಿನ ಬಲೆಯನ್ನು ಟೋಪಿಗೆ ಸುತ್ತ ಸಣ್ಣ ಹೊಲಿಗೆ ಹಾಕಿ ಕೂಡಿಸಿದಳು. ಹಾಕಿಕೊಂಡರೆ ಬೆವರು ಕೂಡ ಬರಲಿಲ್ಲ, ಅಷ್ಟು ಹಗುರ. ಆದರೆ ಹೂವಿನ ಜಡೆಯನ್ನು ಅದಕ್ಕೆ ತೂಗುಹಾಕಿದ ಕೂಡಲೇ ಇಡೀ ಟೋಪಿ ಹಿಂದಕ್ಕೆ ಜಾರಿ ಕುತ್ತಿಗೆಗೆ ಬಂತು. ಬಿಗಿ ಮಾಡಿದರೆ ಹಣೆ ನೋಯುತ್ತಿತ್ತು, ಸಡಿಲ ಬಿಟ್ಟರೆ ಜಾರುತ್ತಿತ್ತು. ಹೊಲಿದದ್ದನ್ನು ಬಿಚ್ಚಿ ಬಿಚ್ಚಿ ಸಾಕಾಗಿ ಒಂದು ಸಂಜೆ ಅತ್ತುಬಿಟ್ಟಳು.

ಆಗ ಏಡುಕೊಂಡಲು ನರ್ಸರಿಯಿಂದ ಬಂದ. ಸಸಿಗಳಿಗೆ ನೀರು ಚಿಮುಕಿಸುವ ಪಂಪು ಬೆನ್ನ ಮೇಲಿತ್ತು. ಎರಡು ಹೆಗಲಿಂದಲೂ ಪಟ್ಟಿ ಬಿಡಿಸಿ ಅದನ್ನು ಕೆಳಗಿಟ್ಟ.

"ಅಷ್ಟು ಭಾರ ಹೊತ್ತು ಕತ್ತು ನೋಯಲ್ವೇನ್ರೀ?" ಎಂದು ಕೇಳಿದಳು ಅವಳು, ಕೇಳಬೇಕೆಂದು ಕೇಳಿದ್ದಲ್ಲ.

"ಕತ್ತಿಗೇನು ಕೆಲಸ? ಭಾರ ಎಲ್ಲಾ ಹೆಗಲಿಗೆ."

ಅವಳು ಅವನನ್ನು ನೋಡಿದಳು, ಪಂಪನ್ನು ನೋಡಿದಳು. ಕಣ್ಣೊರೆಸಿಕೊಂಡು ಕತ್ತರಿ ಕೈಗೆತ್ತಿಕೊಂಡಳು. ಅಲ್ಲೇ ಇತ್ತು ದಾರಿ. ಬೆನ್ನಿಗೆ ಎರಡು ಮೆತ್ತನೆಯ ಬಟ್ಟೆಯ ಪಟ್ಟಿ, ಶಾಲೆಯ ಚೀಲದ ಹಾಗೆ ಹೆಗಲ ಸುತ್ತ ಬಂದು ಬೆನ್ನ ನಡುವೆ ಕೂಡುವಂಥದ್ದು, ರವಿಕೆಯ ಬಣ್ಣದ್ದೇ. ಹೂವಿನ ಜಡೆಯ ಬೆನ್ನೆಲುಬನ್ನು ಆ ಪಟ್ಟಿಗೆ ಹೊಲಿದರಾಯಿತು. ಮೇಲಿನ ತುದಿ ಮಾತ್ರ ಕೂದಲಿಗೆ ಹಗುರವಾಗಿ ತಾಗಿಕೊಂಡಿರುತ್ತದೆ. ಭಾರ ಹೆಗಲಿಗೆ, ಅಂದ ತಲೆಗೆ. ತಾಯಿಯ ಕಾಲದಿಂದ ಇಷ್ಟು ಜಡೆ ಹೊಲಿದಿದ್ದರೂ ಯಾರ ತಲೆಗೂ ನೋವಾಗುತ್ತದೆಯೇ ಎಂದು ಇವಳು ಕೇಳಿದ್ದಿಲ್ಲ, ಕೂದಲು ಇದ್ದವರು ಹೇಳಿದ್ದೂ ಇಲ್ಲ. ಮೊದಲ ಸಲ ಹಾಕಿಕೊಂಡು ತಲೆ ಅಲ್ಲಾಡಿಸಿದಾಗ ಜಡೆ ಬೆನ್ನ ಮೇಲೆ ಆಡಿತು, ಟೋಪಿ ಕದಲಲಿಲ್ಲ. ಅವಳು ಏಡುಕೊಂಡಲುವಿನ ಎರಡು ಕೈ ಹಿಡಿದು ಹುಚ್ಚಿಯ ಹಾಗೆ ನಕ್ಕಳು.

"ಎಳೆದು ನೋಡ್ಲಾ?" ಎಂದ ಅವನು.

"ಬೇಡ. ಎಳೆಯೋದು ಅತ್ತಿಗೆ ಹಕ್ಕು."

ಸೀಮಂತದ ದಿನ ಮನೆ ತುಂಬಿಹೋಗಿತ್ತು. ಅಡುಗೆಮನೆಯಲ್ಲಿ ಪುಳಿಹೋರ, ತಟ್ಟೆಗಳಲ್ಲಿ ಬಸುರಿಯ ಮಡಿಲಿಗೆಂದು ಅಕ್ಕಿಹಿಟ್ಟು ಬೆಲ್ಲದ ಚಲಿಮಿಡಿ ಉಂಡೆ, ಹೊರಗೆ ಚಪ್ಪಲಿಗಳ ರಾಶಿ. ಗಂಗಾರತ್ನಂ ಬೆಳಗ್ಗೆಯೇ ಬಂದು ಎಲ್ಲರಿಗೂ ಒಂದೊಂದು ಕೆಲಸ ಹಚ್ಚಿ, ಎಲ್ಲರನ್ನೂ ಒಂದೊಂದು ಸಲ ಬೈದಾಗಿತ್ತು. ಅಚ್ಚಾಯಮ್ಮ ಮುಖ ಊದಿಸಿಕೊಂಡು ಕಂಬಕ್ಕೆ ಒರಗಿ ನಿಂತಿದ್ದಳು. ರಾಮತುಳಸಿ ಹಸಿರು ಸೀರೆಯುಟ್ಟು, ಕೈ ತುಂಬ ಗಾಜಿನ ಬಳೆ ತೊಟ್ಟು, ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಂಡು ಬಂದು ಮಣೆಯ ಮೇಲೆ ಕೂತಳು. ಮುಚ್ಚಿದ ಬುಟ್ಟಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಳು. ಒಳಗಿನ ಮಗು ಎದ್ದು ಒದೆಯಿತು.

ಗಂಗಾರತ್ನಂ ಎಣ್ಣೆಯ ಬಟ್ಟಲು ಹಿಡಿದು ಬಂದಳು. "ಬಿಚ್ಚೇ ಆ ವಸ್ತ್ರ. ನಿನ್ನ ಶೀತ ನನ್ನ ಎಣ್ಣೇಲಿ ಹೋಗತ್ತೆ."

ರಾಮತುಳಸಿ ಬಿಚ್ಚಿದಳು.

ಬಟ್ಟಲು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಹಿಂದಿನ ಸಾಲಿನಿಂದ ಪಕ್ಕದ ಮನೆಯ ಸೂರಮ್ಮ, ಎಂಥ ಕಡೆಯೂ ತನ್ನದೊಂದು ಮಾತು ಇರಲೇಬೇಕೆನ್ನುವ ಹೆಂಗಸು, ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಶಿವನೇ! ಶುಭಕಾರ್ಯದಲ್ಲಿ ಮಣೆ ಮೇಲೆ ಬೋಳು ತಲೆಯೇನ್ರೇ? ಅಶುಭ ಅಲ್ವಾ?"

ಅಚ್ಚಾಯಮ್ಮ ಸೊಪ್ಪು ಬಿಡಿಸುತ್ತಾ ತಾನೇ ಆಡಿದ ಮಾತು ಅದು. ಆದರೆ ಅದನ್ನೇ ಇನ್ನೊಬ್ಬಳ ಬಾಯಲ್ಲಿ ಕೇಳಿದ್ದೇ ತಡ, ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಂಬ ಬಿಟ್ಟು ಮುಂದೆ ಬಂದಳು.

"ನನ್ನ ಸೊಸೇನ ಬೈಯೋಕೆ ನಾನಿದ್ದೀನಿ, ನೀನ್ಯಾರೇ? ಹೋದ ವರ್ಷ ಮೊಮ್ಮಗು ಬೇಕು ಅಂತ ತಿರುಪತೀಲಿ ಮುಡಿ ಕೊಟ್ಟು ಬಂದೆ. ಬೋಳು ತಲೆಗೆ ಗಂಧ ಬಳ್ಕೊಂಡು ಇದೇ ಬೀದೀಲಿ ಲಡ್ಡು ಹಂಚಿದೆ. ನೀನೂ ಎರಡೆರಡು ಇಸ್ಕೊಂಡು, ನನ್ನ ಕಾಲಿಗೆ ಬಿದ್ದು, ಪುಣ್ಯವಂತೆ ಅಂದೆ. ಆಗ ನನ್ನ ತಲೆ ಶುಭ, ಈಗ ಇವಳ ತಲೆ ಅಶುಭಾನಾ? ನಾನು ಹರಕೆ ಹೊತ್ತು ಕೊಟ್ಟೆ, ಇವಳ ಹತ್ರ ಸ್ವಾಮಿ ಕೇಳದೇ ಇಸ್ಕೊಂಡ. ಅಷ್ಟೇ! ರತ್ನಂ, ಏನು ಗೊಂಬೆ ಥರ ನಿಂತಿದ್ದೀಯ? ಇಡೇ ಎಣ್ಣೆ!"

ಗಂಗಾರತ್ನಂ ತಾಯಿಯನ್ನು ನೋಡಿದಳು, ಮಣೆಯ ಮೇಲಿನ ನುಣುಪು ತಲೆಯನ್ನು ನೋಡಿದಳು. ಆಮೇಲೆ ಬಟ್ಟಲಿಗೆ ಬೆರಳದ್ದಿ, ಆ ನೆತ್ತಿಯ ಮೇಲೆ ಇಟ್ಟು, ಮಗುವಿನ ತಲೆ ಸವರಿದ ಹಾಗೆ ಸವರಿದಳು.

"ಇಷ್ಟಕ್ಕಾ ಶೀತ ಗೀತ ಅಂತ ಕಥೆ ಕಟ್ಟಿದ್ದು? ಹುಚ್ಚಿ. ನನಗೆ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?" ಎಂದಳು. ಆಮೇಲೆ ಹೆಂಗಸರ ಕಡೆ ತಿರುಗಿ, "ನೋಡ್ರೇ, ಹನಿ ಎಣ್ಣೆ ಸಾಕಾಯ್ತು. ನಿಮ್ಮ ತಲೆಗೆ ಆಗಿದ್ರೆ ಬಟ್ಟಲು ಖಾಲಿ ಆಗ್ತಿತ್ತು" ಎಂದಳು. ಮೊದಲು ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ನಗು ಪಡಸಾಲೆಯನ್ನೆಲ್ಲ ಹಿಡಿಯಿತು. ಸೂರಮ್ಮನೂ ನಕ್ಕಳು, ನಗದೆ ವಿಧಿಯಿರಲಿಲ್ಲ.

ಬೇರೆ ಬೇರೆ ಮನೆಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಎಣ್ಣೆ ಇಟ್ಟರು. ವರ್ಷಗಟ್ಟಲೆ ಯಾರ ಕೈಯೂ ಹತ್ತಿರ ಬಾರದ ಹಾಗೆ ಕಾಪಾಡಿಕೊಂಡಿದ್ದ ನೆತ್ತಿ ಅದು. ಒಂದೊಂದು ಬೆರಳು ತಾಗಿದಾಗಲೂ ರಾಮತುಳಸಿಗೆ ಕಣ್ಣು ತುಂಬುತ್ತಿತ್ತು. ಎಲ್ಲ ಮುಗಿದ ಮೇಲೆ ಅಚ್ಚಾಯಮ್ಮ ತನ್ನ ಸೆರಗಿನಿಂದಲೇ ಎಣ್ಣೆ ಒರೆಸಿದಳು. ಬಟ್ಟೆ ಎಲ್ಲಿದೆ ಎಂದು ಹುಡುಕುವಷ್ಟು ತಾಳ್ಮೆ ಅವಳಿಗೆ ಇರಲಿಲ್ಲ.

ರಾಮತುಳಸಿ ಬುಟ್ಟಿ ತೆರೆದು ಕೂದಲನ್ನು ಕೈಗೆತ್ತಿಕೊಂಡಳು.

"ಅದ್ಯಾರ ಕೂದ್ಲೇ?" ಎಂದಳು ಸೂರಮ್ಮ, ಬಾಯಿ ಸುಮ್ಮನಿರಬೇಕಲ್ಲ.

"ನನ್ನದೇ ಸೂರಮ್ಮತ್ತೆ. ನಿಮ್ಮದು ತಲೇಲಿ ಬೆಳೆಯತ್ತೆ, ನನ್ನದು ಪೆಟ್ಟಿಗೇಲಿ ಇರತ್ತೆ" ಎಂದು ರಾಮತುಳಸಿ ಎಲ್ಲರೆದುರಿಗೇ ಅದನ್ನು ತಲೆಗೆ ಇಟ್ಟು, ಅಂಚು ಸರಿಮಾಡಿ, ಹಣೆಯ ಮೇಲಿನ ಎಳೆ ಹಿಂದಕ್ಕೆ ಒತ್ತಿದಳು. ಆಮೇಲೆ ಬುಟ್ಟಿಯ ತಳದಿಂದ ಹೂವಿನ ಜಡೆ ಎತ್ತಿ, ಅದರ ಪಟ್ಟಿಗಳನ್ನು ಸೆರಗಿನ ಮರೆಯಲ್ಲಿ ಹೆಗಲಿಗೆ ಏರಿಸಿಕೊಂಡಳು. ಹೆಂಗಸರ ಬಾಯಿಂದ ಉದ್ಗಾರ ಹೊರಟಿತು. ಬೆಳ್ಳಗಿನ ಮಲ್ಲಿಗೆ ಮೊಗ್ಗು ಒತ್ತೊತ್ತಾಗಿ, ನಡುನಡುವೆ ಕನಕಾಂಬರದ ಕಟ್ಟು, ಅಂಚಿಗೆ ಮರುಗ, ತುದಿಗೆ ಕೇದಗೆ. ಕಡಿಯಂನ ಹೂವೆಲ್ಲ ಅವಳ ಬೆನ್ನಿಗೇ ಬಂದು ಕೂತಂತಿತ್ತು. ಕೊನೆಯ ಸಾಲು ಮಾತ್ರ ಹೊಲಿಯದೆ ಹಾಗೇ ಬಿಟ್ಟಿತ್ತು, ಸೂಜಿಯಲ್ಲಿ ದಾರ ಪೋಣಿಸಿ ಸಿಕ್ಕಿಸಿತ್ತು.

"ಅದು ನಿಮ್ಮದು ಅತ್ತಿಗೆ" ಎಂದಳು.

ಗಂಗಾರತ್ನಂ ಕೂತು, ನಾಲಗೆಯ ತುದಿ ಕಚ್ಚಿಕೊಂಡು, ಕೊನೆಯ ಸಾಲನ್ನು ಸೊಟ್ಟಸೊಟ್ಟಗೆ ಹೊಲಿದಳು. ಗಂಟು ಹಾಕಿ, ದಾರ ಹಲ್ಲಿಂದ ಕಡಿದು, ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲ ಹತ್ತಿರ ಗಂಡಸರ ನಡುವಿನಿಂದ ಏಡುಕೊಂಡಲು ಕತ್ತು ಚಾಚಿದ. ಅಚ್ಚಾಯಮ್ಮ ಆರತಿ ತಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿಬಿಟ್ಟಳು.

ಗಂಗಾರತ್ನಂ ಜಡೆಗೆ ಕೈ ಹಾಕಿದಳು, ಆದರೆ ಎಳೆಯಲಿಲ್ಲ. ಬಗ್ಗಿ, ಇವಳಿಗೆ ಮಾತ್ರ ಕೇಳುವ ಹಾಗೆ, "ಮೆತ್ತಗೆ ಮುಟ್ಟಿ ಬಿಟ್ಟುಬಿಡ್ತೀನಿ ಕಣೇ, ಯಾರಿಗೂ ಗೊತ್ತಾಗಲ್ಲ" ಎಂದು ಪಿಸುಗುಟ್ಟಿದಳು. ಗೋದಾವರಿ ಜಿಲ್ಲೆಯಲ್ಲಿ ಅವಳ ಪಿಸುಮಾತನ್ನು ಕೇಳಿದವರು ಬಹಳ ಜನ ಇಲ್ಲ.

"ಮೆತ್ತಗೆ ಬೇಡ" ಎಂದಳು ರಾಮತುಳಸಿ. "ಎಲ್ಲರಿಗೂ ಎಳೆಯೋ ಹಾಗೇ ಎಳೀರಿ."

ಗಂಗಾರತ್ನಂ ಎಳೆದಳು. ರಾಮತುಳಸಿಯ ಹೆಗಲುಗಳು ಹಿಂದಕ್ಕೆ ಬಾಗಿದವು. ತಲೆ ನೆಟ್ಟಗೆ ನಿಂತಿತ್ತು. ಒಂದು ಮೊಗ್ಗು ಉದುರಲಿಲ್ಲ, ಒಂದು ಎಳೆ ಕದಲಲಿಲ್ಲ. ಗಂಗಾರತ್ನಂ ಕಣ್ಣರಳಿಸಿ, ಕೈಯಲ್ಲಿದ್ದ ಜಡೆಯನ್ನೂ ಸುತ್ತಲಿನವರನ್ನೂ ನೋಡಿ, "ಬರ್ತಾ ಇಲ್ಲ ಕಣ್ರೇ!" ಎಂದು ಕೂಗಿದಳು. ಅಚ್ಚಾಯಮ್ಮ ಕಣ್ಣು ಬಿಟ್ಟಳು.

ಗಾಳಿ ಬೀಸಿದರೆ ಕೈ ತಲೆಗೆ ಹೋಗುತ್ತಿದ್ದ ಹೆಂಗಸು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ನಗುತ್ತಾ ಹೇಳಿದಳು:

"ಇಷ್ಟೇನಾ ಅತ್ತಿಗೆ ನಿಮ್ಮ ಕೈ ಬಲ? ಎಳೀರಿ. ಇನ್ನೂ ಜೋರಾಗಿ ಎಳೀರಿ!"